ಮೂರು ದಿನ ಒಡೆದರೆ

ನಾನು ದಿನಾ ಬೆಳಗ್ಗೆ ಎದ್ದ ಕೂಡಲೇ ಮಗಳ ಉಚ್ಚೆ ಕಾಸುತ್ತಿದ್ದೆ ಎಂದರೆ ಕೇಳಿದವರು ಮೂಗು ಮುರಿಯುತ್ತಾರೆ. ಮುರಿಯಲಿ. ಅವರ ಮೂಗು, ಅವರ ಇಷ್ಟ. ಚಹಾಕ್ಕೆ ನೀರಿಡುವ ಮೊದಲು ಮಾಡುತ್ತಿದ್ದ ಕೆಲಸ ಅದು. ಹಲವು ವರ್ಷ ನನ್ನ ಬೆಳಗು ಶುರುವಾದದ್ದೇ ಹಾಗೆ.

ಅದನ್ನು ಕಲಿಸಿದ್ದು ಧಾರವಾಡದ ದವಾಖಾನೆಯಲ್ಲಿ. ಮಗಳಿಗೆ ಏಳು ತುಂಬಿದ ವರ್ಷ, ದೀಪಾವಳಿ ಮುಗಿದ ಮೇಲೆ, ಅವಳ ಮುಖ ತುಂಬಿಕೊಳ್ಳತೊಡಗಿತು. ನಮ್ಮ ದೊಡವಾಡದ ಓಣಿಯ ಹೆಂಗಸರು, "ಹುಡುಗಿ ಛಲೋ ಮೈ ಹಿಡದಾಳ ನೋಡವಾ, ಏನ ಉಣಸಾಕತ್ತೀ?" ಎಂದು ಕೇಳಿದರು. ನಾನೂ ಹಿಗ್ಗಿದೆ. ಹುಟ್ಟಿದಾಗಿನಿಂದ ಕಡ್ಡಿಯಂತಿದ್ದ ಕೂಸಿಗೆ ಹಬ್ಬದ ಕರಚಿಕಾಯಿ ಮೈಗೆ ಹತ್ತಿದೆ ಎಂದುಕೊಂಡೆ. ಒಂದು ದಿನ ಜಳಕ ಮಾಡಿಸುವಾಗ ನೋಡಿದರೆ ಕಾಲಿನ ಬೆಳ್ಳಿಯ ಚೈನು ಚರ್ಮದಲ್ಲಿ ಹೂತುಬಿಟ್ಟಿದೆ, ಬಿಚ್ಚಲು ಬರುತ್ತಿಲ್ಲ. ಬೆರಳಿಂದ ಒತ್ತಿದರೆ ಒತ್ತಿದಲ್ಲಿ ಗುಣಿ ಬಿದ್ದು ಹಾಗೇ ಉಳಿಯಿತು. ಮರುದಿನವೇ ಧಾರವಾಡಕ್ಕೆ ಕರೆದೊಯ್ದೆವು.

ಡಾಕ್ಟರ್ ಬಾಯಿಯವರು ಮಗಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದರು: "ಮೂತ್ರಪಿಂಡ ಅಂದ್ರ ಜರಡಿ ಇದ್ದಂಗ್ರಿ. ಇಕಿ ಜರಡಿ ಕಣ್ಣು ದೊಡ್ಡವು ಆಗ್ಯಾವ. ಮೈಯಾಗಿನ ಸತ್ವ ಉಚ್ಚಿ ಕೂಡ ಸೋರಿ ಹೋಗಾಕತ್ತೈತಿ. ಗುಳಿಗಿ ತಗೊಂಡ್ರ ಕಡಿಮಿ ಆಗ್ತೈತಿ. ಆದ್ರ ಮತ್ತ ಮತ್ತ ಬರೂ ರೋಗ ಇದು. ದೊಡ್ಡಾಕಿ ಆದಂಗ ಬಾಳ ಮಕ್ಕಳಿಗೆ ತಾನ ಬಿಟ್ಟ ಹೋಗ್ತೈತಿ. ಅಲ್ಲೀತನಕ ನೀವು ಕಾವಲ ಇರಬೇಕು."

ಕಾವಲು ಅಂದರೆ ಒಂದು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ. ಬೆಳಗಿನ ಮೊದಲ ಉಚ್ಚೆಯನ್ನು ನಳಿಗೆಗೆ ತುಂಬಿ ಮೇಲ್ಭಾಗವನ್ನು ಉರಿಗೆ ಹಿಡಿಯಬೇಕು. ತಿಳಿಯಾಗಿ ಉಳಿದರೆ ದೇವರು ದೊಡ್ಡವನು. ಒಡೆದ ಹಾಲಿನಂತೆ ಬಿಳಿಯ ಗರಣೆ ಕಟ್ಟಿದರೆ ಸತ್ವ ಸೋರುತ್ತಿದೆ ಎಂದು ಅರ್ಥ. "ಒಂದ ದಿನ ಒಡದ್ರ ಗಾಬರಿ ಆಗಬ್ಯಾಡ್ರಿ. ಮೂರ ದಿನ ಒಂದ ಸವನ ಒಡದ್ರ ಮಾತ್ರ ತಡಾ ಮಾಡದ ಇಲ್ಲಿಗೆ ಕರಕೊಂಡ ಬರ್ರಿ. ತಡಾ ಆದ್ರ ಹೊಟ್ಟ್ಯಾಗ ನೀರ ತುಂಬಿ ನಂಜ ಆಗ್ತೈತಿ, ಜೀವಕ್ಕ ಕುತ್ತು." ಮಗಳು ಕಾಲು ಅಲ್ಲಾಡಿಸುತ್ತ ಎಲ್ಲವನ್ನೂ ಕೇಳುತ್ತಿದ್ದಳು. ಏಳು ವರ್ಷದ ಕೂಸಿಗೆ ಏನು ತಿಳಿದೀತು ಎಂದು ನಾನಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಮೊದಲ ಜಗಳ ಆದದ್ದು ಈ ನಳಿಗೆಯನ್ನು ಎಲ್ಲಿ ಕಾಸಬೇಕು ಎಂಬುದಕ್ಕೆ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ದೀಪ ಇಟ್ಟೆ. ಮಾವನವರು ಬಾಗಿಲಲ್ಲೇ ನಿಂತು, "ಅನ್ನಾ ಬೇಯೂ ಜಾಗಾದಾಗ ಅದನ್ನ ಕಾಸ್ತೀಯೇನವಾ?" ಎಂದರು.

"ಒಲಿ ಮ್ಯಾಲ ಕಾಸಾಕತ್ತಿಲ್ರಿ ಮಾವಾರ, ದೀಪ ಬ್ಯಾರೆ ಐತಿ."

"ದೀಪ ಬ್ಯಾರೆ. ಅಡಗಿಮನಿ ಒಂದ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮೊಮ್ಮಗಳ ಜೀವಕ್ಕಿಂತ ನಿಮ್ಮ ಮಡಿ ಹೆಚ್ಚೇನು ಎಂದು ಕೇಳಿಯೇಬಿಟ್ಟೆ. ಯಜಮಾನರು ಹಾಲು ಹಿಂಡುವ ಚರಿಗೆ ಹಿಡಿದುಕೊಂಡು ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ, "ಕೊಟ್ಟಿಗ್ಯಾಗ ಕಾಸಿದ್ರ ಆತಲ್ಲ" ಎಂದರು. ನಮ್ಮ ಹಳೆಯ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಕೊಟ್ಟಿಗೆ, ಅದರಾಚೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಹಾಗಾಗಿ ಗಾಜಿನ ನಳಿಗೆಯೂ ದೀಪವೂ ಎಮ್ಮೆಗಳು ಮೇವು ತಿನ್ನುವ ಗೋದಲಿಯ ಪಕ್ಕದ ಕಲ್ಲಿನ ಮೇಲೆ ಹೋಗಿ ಕುಳಿತವು. ಯಜಮಾನರು ಒಂದು ಕಡೆ ಹಾಲು ಹಿಂಡುತ್ತಿದ್ದರು, ನಾನು ಇನ್ನೊಂದು ಕಡೆ ಉಚ್ಚೆ ಕಾಸುತ್ತಿದ್ದೆ.

ಮಗಳು ದಿನಾ ಸ್ಟೀಲಿನ ಲೋಟದಲ್ಲಿ ಹಿಡಿದು ತಂದು ಕೊಡುತ್ತಿದ್ದಳು. ನಾಲ್ಕು ವರ್ಷದ ತಮ್ಮ ಕಡ್ಡಿಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದ. ನಳಿಗೆ ತಿಳಿಯಾಗಿದ್ದರೆ ಇಬ್ಬರೂ ಒಟ್ಟಿಗೆ "ಪಾಸ್!" ಎಂದು ಕೂಗುತ್ತಿದ್ದರು, ಎಮ್ಮೆಗಳು ಬೆದರಿ ತಲೆ ಎತ್ತುತ್ತಿದ್ದವು. ಗುಳಿಗೆಯ ದೆಸೆಯಿಂದ ಮಗಳ ಕೆನ್ನೆ ಪೂರಿಯಂತೆ ಉಬ್ಬಿ, ಹಸಿವೆ ಹೆಚ್ಚಾಗಿ, ಮಾತುಮಾತಿಗೆ ಸಿಡುಕುತ್ತಿದ್ದಳು. ಅದರ ಮೇಲೆ, ಮೈಗೆ ಬಾವು ಬಂದಾಗ ಉಪ್ಪು ಬೇರೆ ಬಂದ್. ಪಲ್ಯಕ್ಕೆ ಉಪ್ಪು ಬೇಕೆಂದು ರೊಟ್ಟಿ ಬೀಸಾಡುತ್ತಿದ್ದಳು. ಸಿಟ್ಟು ಮಾಡುವುದರಲ್ಲಿ ನನ್ನದೂ ಎತ್ತಿದ ಕೈಯೇ, ಮಗಳು ಬೇರೆ ಯಾರನ್ನು ಹೋಲಬೇಕು? ಆದರೂ ಆ ಚಳಿಗಾಲ ನಳಿಗೆ ತಿಳಿಯಾಗಿಯೇ ಇತ್ತು. ನಾನು ಉಸಿರು ಬಿಡಲು ಕಲಿತೆ.

ಬೇಸಿಗೆಯಲ್ಲಿ ಎಮ್ಮೆಗೆ ಕೇಡು ಬಂತು. ನಮ್ಮವು ಎರಡು ಎಮ್ಮೆ. ದೊಡ್ಡದಕ್ಕೆ ಕೆಚ್ಚಲು ಬಾವು ಶುರುವಾಯಿತು. ಕೆಚ್ಚಲು ಊದಿ ಕಲ್ಲಿನಂತಾಗಿ, ಹಿಂಡಿದ ಹಾಲು ಕಾಸಿದರೆ ಒಡೆಯುತ್ತಿತ್ತು. ಹಾಲು ಡೇರಿಗೆ ಒಯ್ಯುವುದು ಮಾವನವರ ಕೆಲಸ, ಮೊಮ್ಮಗಳು ಅವರ ಬೆರಳು ಹಿಡಿದು ಜೊತೆಗೆ ಹೋಗುತ್ತಿದ್ದಳು. ಡೇರಿಯಲ್ಲಿ ಅನುಮಾನ ಬಂದರೆ ಚೂರು ಹಾಲನ್ನು ಗಾಜಿನ ನಳಿಗೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದು ನೋಡುತ್ತಾರೆ, ಥೇಟ್ ನಾನು ಮಾಡುವ ಹಾಗೆ. ಮಾವನವರು ಶ್ಯಾಣ್ಯಾತನ ಮಾಡಿ ದೊಡ್ಡ ಎಮ್ಮೆಯ ಹಾಲನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಎಮ್ಮೆಯ ಹಾಲಿಗೆ ಬೆರೆಸಿ ಕೆಲವು ದಿನ ದಾಟಿಸಿದರು. ಹುಡುಗಿ ನೋಡುತ್ತಿದ್ದುದನ್ನು ಕಂಡು, "ಛಲೋದರಾಗ ಕೂಡಿಸಿದ್ರ ಕೆಟ್ಟದ್ದು ಗೊತ್ತಾಗಂಗಿಲ್ಲ ತಂಗಿ" ಎಂದು ಕಣ್ಣು ಮಿಟುಕಿಸಿದ್ದರಂತೆ. ನನಗೆ ಇದೆಲ್ಲ ಆಮೇಲೆ ಗೊತ್ತಾದದ್ದು.

ಬಾವು ಹೆಚ್ಚಾದ ಮೇಲೆ ಬೆರೆಸಿದರೂ ನಡೆಯಲಿಲ್ಲ. ಮೂರು ದಿನ ಒಂದೇ ಸವನೆ ಡೇರಿಯಿಂದ ಕ್ಯಾನು ಹಾಗೇ ಮನೆಗೆ ಬಂತು. ಮೂರನೆಯ ದಿನ ಮಾವನವರು ಕ್ಯಾನನ್ನು ಅಂಗಳದಲ್ಲಿ ಕುಕ್ಕಿ, "ಸಾಕಾತು. ಮೂರ ದಿನಾ ಒಡೀತು. ಇನ್ನ ಇದು ನಮ್ಮ ಮನ್ಯಾಗ ಬ್ಯಾಡ" ಎಂದರು. ಬಾವು ಇರುವುದನ್ನು ಹೇಳಿಯೇ ಮುರಗೋಡದ ಒಬ್ಬ ಪರಿಚಯದವರಿಗೆ ಅದನ್ನು ಮಾರಿದರು. ಎಮ್ಮೆಯನ್ನು ಟೆಂಪೋ ಹತ್ತಿಸುವಾಗ ಮಗಳು ಕಂಬ ಹಿಡಿದು ನಿಂತಿದ್ದಳು.

"ಯಾವಾಗ ವಾಪಸ್ ಬರ್ತೈತಿ ಅಜ್ಜಾ?"

"ಬರಂಗಿಲ್ಲ. ಕೊಟ್ಟದ್ದು ಕೊಟ್ಟಂಗ."

ಮಳೆ ಹಿಡಿದಾಗ ಮಗಳಿಗೆ ನೆಗಡಿ, ಕೆಮ್ಮು. ನೆಗಡಿಯಾದರೆ ಹುಷಾರು ಎಂದು ಡಾಕ್ಟರ್ ಬಾಯಿ ಹೇಳಿದ್ದರಿಂದ ನಾನು ನಳಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಮಂಜು ಕವಿದಂತೆ ತುಸು ಮಬ್ಬಾಗುತ್ತಿತ್ತು, ಅಷ್ಟೇ. ಗರಣೆ ಕಟ್ಟುತ್ತಿರಲಿಲ್ಲ. ಇಷ್ಟು ನಡೆಯುತ್ತದೆ ಎಂದುಕೊಂಡೆ. ಆದರೆ ಬೆಳಗ್ಗೆ ಎದ್ದಾಗ ಅವಳ ಕಣ್ಣ ರೆಪ್ಪೆ ದಪ್ಪ ಕಾಣುತ್ತಿತ್ತು. ನಿದ್ದೆ ಹೆಚ್ಚಾಗಿದೆ ಎಂದರು ಯಜಮಾನರು. ಕಾಲಿನ ಚೈನು ತಿರುಗಿಸಿ ನೋಡಿದೆ, ಬಿಗಿಯಾಗಿತ್ತು. ಬೆಳೆಯುವ ಹುಡುಗಿ ಎಂದರು ಮಾವನವರು. ನಳಿಗೆ ಒಂದು ಹೇಳುತ್ತಿತ್ತು, ಮಗಳ ಮುಖ ಇನ್ನೊಂದು. ನನಗೋ ತಲೆ ಕೆಟ್ಟು ಹೋಗಿತ್ತು.

ಒಂದು ಮುಂಜಾನೆ ಇಬ್ಬರಿಗೂ ರೊಟ್ಟಿ ಬೆಲ್ಲ ಕೊಟ್ಟೆ. ಮಗ ತನ್ನ ಬೆಲ್ಲದ ಚೂರು ನೋಡಿ ಮುಖ ಊದಿಸಿದ.

"ನನಗ ದೊಡ್ಡದ ಬೇಕು. ನಂದ ಛಲೋದ ಐತಿ."

"ಏನೋ ನಿಂದು ಛಲೋದು?"

"ಉಚ್ಚಿ. ಅಕ್ಕಂದ ಒಡೀತೈತಿ, ನಂದ ಒಡ್ಯಾಂಗಿಲ್ಲ. ದಿನಾ ಅರ್ಧಾ ಲೋಟ ನಾನ ಹಾಕ್ತೇನಿ. ನನಗ ರೇಟ್ ಹೆಚ್ಚ ಕೊಡಬೇಕು!"

ಡೇರಿಯಲ್ಲಿ ಒಳ್ಳೆಯ ಹಾಲು ಹಾಕಿದವರು ಗತ್ತಿನಲ್ಲಿ ಕೇಳುತ್ತಾರಲ್ಲ, ಹಾಗೆ ಕೇಳಿದ. ನನಗೆ ಮೊದಲು ನಗುವೇ ಬಂತು. ಮರುಕ್ಷಣ ಅವನು ಹೇಳಿದ್ದರ ಅರ್ಥ ತಲೆಗೆ ಇಳಿದು ಹಂಚಿನ ಮೇಲಿನ ರೊಟ್ಟಿ ಅಲ್ಲೇ ಉಳಿಯಿತು. ಮಗಳು ಆಗಲೇ ಎದ್ದು ಬಾಗಿಲ ಕಡೆ ಹೊರಟಿದ್ದಳು. ರಟ್ಟೆ ಹಿಡಿದು ಕೊಟ್ಟಿಗೆಗೆ ಕರೆದೊಯ್ದೆ. ಲೋಟ ಕೊಟ್ಟು, ನನ್ನೆದುರಿಗೇ ಹಿಡಿ ಎಂದೆ. ನಳಿಗೆಯನ್ನು ಉರಿಗೆ ಹಿಡಿದೆನೋ ಇಲ್ಲವೋ, ಮೇಲಿನ ಅರ್ಧ ಬೆಳ್ಳಗೆ ಗಟ್ಟಿಯಾಗಿ ನಿಂತಿತು.

ನಾನು ಕಿರುಚಿದೆ. ಏನೇನು ಅಂದೆನೋ ನೆನಪಿಲ್ಲ. ಸಾಯಬೇಕಂತ ಮಾಡೀಯೇನು ಅಂದದ್ದು ಮಾತ್ರ ನೆನಪಿದೆ, ಯಾಕೆಂದರೆ ಆಗ ಯಜಮಾನರು ಓಡಿ ಬಂದು ನನ್ನ ಕೈ ಹಿಡಿದರು. ಮಗಳು ಅಳಲಿಲ್ಲ. ಊದಿದ ಕಣ್ಣುಗಳಿಂದ ನನ್ನನ್ನೇ ನೋಡುತ್ತ ಕೇಳಿದಳು:

"ಮೂರ ದಿನದ ಮ್ಯಾಲ ಆತವಾ. ನನ್ನೂ ಟೆಂಪೋದಾಗ ಕಳಸ್ತೀರೇನು?"

ನಾನು ಅವಳೆದುರು ಕುಕ್ಕರುಗಾಲಲ್ಲಿ ಕುಳಿತೆ. ಒಂದೊಂದೇ ಬಿಡಿಸಿ ಕೇಳಿದಾಗ ಹೇಳಿದಳು. ಎಮ್ಮೆಗೂ ಬಾವು ಬಂದಿತ್ತು, ತನಗೂ ಬಂದಿದೆ. ಎಮ್ಮೆಯದೂ ಕಾಸಿದರೆ ಒಡೆಯಿತು, ತನ್ನದೂ ಒಡೆಯುತ್ತದೆ, ಅವ್ವ ಏಳುವ ಮೊದಲೇ ತಮ್ಮನ ಜೊತೆ ಕದ್ದು ಕಾಸಿ ನೋಡಿದ್ದಾಗಿದೆ. ಎಮ್ಮೆಯದು ಮೂರು ದಿನ ಒಡೆದದ್ದಕ್ಕೆ ಅಜ್ಜ ಮುರಗೋಡಕ್ಕೆ ಕೊಟ್ಟ. ತನ್ನದು ಮೂರು ದಿನ ಒಡೆದರೆ ಧಾರವಾಡಕ್ಕೆ ಕರೆದುಕೊಂಡು ಬನ್ನಿ ಎಂದು ಡಾಕ್ಟರ್ ಬಾಯಿ ಹೇಳಿದ್ದಾರೆ. ಕೊಟ್ಟದ್ದು ಕೊಟ್ಟಂತೆ. ಅದಕ್ಕೇ ತಮ್ಮನದು ಕೂಡಿಸಿದ್ದು, ಛಲೋದರಲ್ಲಿ ಕೂಡಿಸಿದರೆ ಗೊತ್ತಾಗುವುದಿಲ್ಲವಂತಲ್ಲ. ನಡುವೆ ಒಂದು ಕಡೆಯೂ ತಪ್ಪಿಲ್ಲದ ಹಾಗೆ ಜೋಡಿಸಿಕೊಂಡಿತ್ತು ಕೂಸು. ಅಷ್ಟು ದಿನ ಆ ಅಂಜಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮ ಜೊತೆ ಉಂಡು, ಮಲಗಿ, ಶಾಲೆಗೆ ಹೋಗಿ ಬಂದಿತ್ತು. 

ಮುಂದಿನ ಬಸ್ಸಿಗೇ ಧಾರವಾಡ ಸೇರಿದೆವು. ಹೊಟ್ಟೆಯಲ್ಲಿ ನೀರು ತುಂಬಿ ನಂಜು ಶುರುವಾಗಿತ್ತು. ಡಾಕ್ಟರ್ ಬಾಯಿ ನನ್ನನ್ನು ಬೈಯಲಿಲ್ಲ. "ಬಂದದ್ದು ಪಾಡಾತು, ಇನ್ನ ಎರಡ ದಿನ ಬಿಟ್ಟಿದ್ರ ಕಷ್ಟ ಇತ್ರಿ" ಎಂದಷ್ಟೇ ಅಂದು ಸಲೈನ್ ಹಚ್ಚಿಸಿದರು. ಮೊದಲ ಕೆಲವು ದಿನ ಅವಳು ಉಳಿಯುತ್ತಾಳೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಮದ್ದಿಗೆ ಮೈ ಬಗ್ಗತೊಡಗಿತು, ಮನಸ್ಸು ಬಗ್ಗಲಿಲ್ಲ. ನಾನು ಚಹಾ ತರಲು ಎದ್ದರೆ ಸೆರಗು ಹಿಡಿಯುತ್ತಿದ್ದಳು. ನರ್ಸ್ ಬಂದು ಹೆಸರು ಕೇಳಿದರೆ ಹೇಳುತ್ತಿರಲಿಲ್ಲ, ಹೆಸರು ಹೇಳಿದರೆ ಇಲ್ಲಿಯವಳೇ ಆಗಿಬಿಡುತ್ತೇನೆ ಎಂದು. "ಹುಚ್ಚಿ, ನೀ ಏನ ಎಮ್ಮಿ ಅದೀಯೇನು, ಬಿಟ್ಟ ಹೋಗಾಕ?" ಎಂದು ರಮಿಸಿದೆ, ಗದರಿಸಿದೆ, ದೇವರ ಆಣೆ ಇಟ್ಟೆ. ತಲೆ ಆಡಿಸುತ್ತಿದ್ದಳು. ಸೆರಗು ಮಾತ್ರ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಾವನವರು ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗ ಬಂದವನೇ ಅಕ್ಕನಿಗೆ, "ನಂದ ಬೇಕೇನು? ಬಸ್ಸಿನ್ಯಾಗ ಹೋಗದ ತಡಕೊಂಡ ಬಂದೇನಿ" ಎಂದ. ವಾರ್ಡಿನವರೆಲ್ಲ ನಕ್ಕರು, ಮಗಳೂ ನಕ್ಕಳು, ಎಷ್ಟೋ ದಿನದ ಮೇಲೆ. ಮಾವನವರು ನಗಲಿಲ್ಲ. ಅವರಿಗೆ ಎಲ್ಲ ಗೊತ್ತಾಗಿತ್ತು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಗೆ ಕುಳಿತರು.

"ನಾ ಹಾಲ ಬೆರಸೂದ ನೋಡಿ ಕಲತೈತಿ ಕೂಸು," ಎಂದರು ನನ್ನ ಕಡೆ ನೋಡದೆ. "ಇಕಿಗೆ ಆರಾಮ ಆಗ್ಲಿ. ಮುರಗೋಡಕ್ಕ ಕರಕೊಂಡ ಹೋಗ್ತೇನಿ."

"ಯಾಕ್ರಿ, ಈಗ ಎಮ್ಮಿ ನೋಡೂದ ಒಂದ ಉಳದಿತ್ತೇನು?" ಎಂದು ನಾನು ಸಿಡುಕಿದೆ.

"ಎಮ್ಮಿನ ನೋಡಬೇಕವಾ. ನೀ ಹೇಳಿದ್ದು ಕೂಸಿನ ಕಿವಿಗೆ ಹೋಗವಲ್ದು."

ಮನೆಗೆ ಬಿಟ್ಟ ಮೇಲೆ, ಡಾಕ್ಟರ್ ಬಾಯಿ ಹೊರಗೆ ಓಡಾಡಲು ಒಪ್ಪಿಗೆ ಕೊಟ್ಟ ವಾರದಲ್ಲಿ, ಮಾವನವರು, ನಾನು, ಮಕ್ಕಳಿಬ್ಬರು, ನಾಲ್ವರೂ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಮುರಗೋಡಕ್ಕೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಆ ಎಮ್ಮೆ ಸತ್ತಿದ್ದರೆ? ಮಾವನವರು ಮೊದಲೇ ಫೋನು ಮಾಡಿ ಕೇಳಿದ್ದಾರೆಯೋ ಇಲ್ಲವೋ ಎಂದು ಕೇಳೋಣವೆಂದರೆ ಮಗಳು ನಮ್ಮಿಬ್ಬರ ನಡುವೆಯೇ ಕುಳಿತಿದ್ದಳು.

ಎಮ್ಮೆ ಇತ್ತು. ಬೇವಿನ ಗಿಡದ ಕೆಳಗೆ ನಿಂತು ಮೆಲುಕು ಹಾಕುತ್ತಿತ್ತು, ಮೈ ಮಿಂಚುತ್ತಿತ್ತು. ಮಾವನವರ ದನಿ ಕೇಳಿ ತಲೆ ತಿರುಗಿಸಿತು. ಮಗಳು ನೇರವಾಗಿ ಹೋಗಿ ಬಗ್ಗಿ ಕೆಚ್ಚಲು ನೋಡಿದಳು. ಆ ಮನೆಯ ಹೆಂಗಸು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡ ದೊಡ್ಡ ದನಿಯವಳು. "ಒಂದ ಮೊಲಿ ಬತ್ತಿ ಹೋತವ್ವಾ, ಮೂರ ಉಳದಾವ. ಮೂರ ಸಾಕು," ಎಂದಳು.

"ಹಾಲ ಒಡೀತೈತೇನು?" ಎಂದು ಕೇಳಿದಳು ಮಗಳು.

"ಈಗ್ಯಾಕ ಒಡದೀತು?"

"ಕಾಸಿ ತೋರಸ್ರಿ."

ಮಾವನವರು ನಾಚಿಕೆಯಿಂದ ಗಡ್ಡ ಕೆರೆದುಕೊಂಡರು. ಆ ಹೆಂಗಸಿಗೆ ಏನೂ ತಿಳಿಯದಿದ್ದರೂ, ಹುಡುಗಿ ಕೇಳಿದ ಗತ್ತು ನೋಡಿ, ಮುಂಜಾನೆಯ ಹಾಲನ್ನು ಬೋಗುಣಿಗೆ ಸುರಿದು ಒಲೆಯ ಮೇಲಿಟ್ಟಳು. ಮಗಳು ಅದರ ಮೇಲೆ ಬಗ್ಗಿದಳು. ಪಕ್ಕದಲ್ಲಿ ತಮ್ಮ, ಮಗ್ಗುಲಲ್ಲಿ ನಾನು. ಮಾವನವರು ಹಿಂದೆ ನಿಂತಿದ್ದರು. ಹಾಲು ಅಂಚಿನಲ್ಲಿ ಗುಳ್ಳೆ ಎಬ್ಬಿಸಿತು, ಕೆನೆ ಸುಕ್ಕಾಯಿತು, ಆಮೇಲೆ ಬುಸ್ಸನೆ ಉಕ್ಕಿ ಬಂತು. ಒಡೆಯಲಿಲ್ಲ. "ಪಾಸ್!" ಎಂದು ಕೂಗಿದವನು ಮಗ. ಮಗಳು ಕೂಗಲಿಲ್ಲ. ಆ ಹೆಂಗಸಿನ ಕಡೆ ತಿರುಗಿ ಕೇಳಿದಳು:

"ಇದು ಮತ್ತ ಒಡದ್ರ ಯಾರಿಗೆ ಕೊಡ್ತೀರಿ?"

"ಯಾರಿಗ್ಯಾಕ ಕೊಡೂಣ? ಒಡದ್ರ ಡಾಕ್ಟರ್‌ನ ಕರಸ್ತೇವಿ. ಈ ಸಲಾನೂ ಹಂಗ ಮಾಡೇವಿ. ದಿನಾ ಇಂಜೆಕ್ಷನ್, ದಿನಾ ಬಿಸಿನೀರ ಕಾವು. ಒದಿಯೂದ ಒದೀತು, ಆರಾಮೂ ಆತು."

ಮಗಳು ಅಜ್ಜನನ್ನು ನೋಡಿದಳು. "ನೀ ಯಾಕ ಇಂಜೆಕ್ಷನ್ ಮಾಡಸ್ಲಿಲ್ಲ?"

ನಾನು ಬಾಯಿ ಹಾಕಲು ಹೋದೆ. ಮಾವನವರು ಕೈ ಅಡ್ಡ ಹಿಡಿದರು. "ನನಗ ತಾಳ್ಮಿ ಸಾಲಲಿಲ್ಲ ತಂಗಿ. ಬ್ಯಾಸರಾತು, ಮಾರಿದೆ. ತಪ್ಪಾತು." ಅವಳ ತಲೆ ಸವರಿ ಹೇಳಿದರು, "ಆದ್ರ ಎಮ್ಮಿ ಮಾರ್ತಾರ. ಮನಿ ಮಗಳ್ನ ಯಾರೂ ಎಲ್ಲಿಗೂ ಕೊಡಂಗಿಲ್ಲ. ನಿಂದು ಮೂರ ದಿನ ಒಡೀಲಿ, ಮೂವತ್ತ ದಿನ ಒಡೀಲಿ. ದವಾಖಾನಿಗೆ ಹೋಗೂದು, ಆರಾಮ ಆಗೂದು, ಅದ ಬಸ್ಸಿಗೆ ಮನಿಗೆ ಬರೂದು. ನಾನ ಬಂದ ಕರಕೊಂಡ ಬರ್ತೇನಿ. ತಿಳೀತಿಲ್ಲೋ?"

ಅವಳು ಬೋಗುಣಿಯ ಕಡೆ ತಿರುಗಿದಳು. ಆ ಎಮ್ಮೆಯ ಹಾಲನ್ನು ಒಂದು ಲೋಟ ಕುಡಿದಳು, ಇನ್ನೊಂದು ಲೋಟ ಕೇಳಿದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಹೋದಳು. ನಾನು ಮೆಲ್ಲಗೆ ಸೆರಗು ಮುಟ್ಟಿಕೊಂಡು ನೋಡಿದೆ. ಅವಳ ಕೈಯಲ್ಲಿರಲಿಲ್ಲ.

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ನನ್ನ ಹೆಗಲು ದಾಟಿ ಬೆಳೆದಿದ್ದಾಳೆ, ಬಾಯಿ ನನ್ನದನ್ನೂ ದಾಟಿದೆ. ಗುಳಿಗೆ ನಿಂತು ಬಹಳ ಕಾಲವಾಯಿತು, ಉಪ್ಪಿನಕಾಯಿ ಕದ್ದು ತಿನ್ನುತ್ತಾಳೆ. ಗಾಜಿನ ನಳಿಗೆ ಕೊಟ್ಟಿಗೆಯ ಗೂಡಿನಲ್ಲಿ ಇನ್ನೂ ಇದೆ, ಎಸೆಯಲು ನನಗೆ ಮನಸ್ಸಿಲ್ಲ. ಮೊನ್ನೆ ತವರಿನಿಂದ ಬಂದ ನನ್ನ ತಂಗಿ, "ಇಕಿ ಆರಾಮ ಆಗ್ತಾಳ ಅಂತ ನಿನಗ ಯಾವಾಗ ಖಾತ್ರಿ ಆತು ಅಕ್ಕಾ?" ಎಂದು ಕೇಳಿದಳು. ಗುಳಿಗೆ ನಿಲ್ಲಿಸಿದ ದಿನ ಎನ್ನುತ್ತೇನೆ ಎಂದುಕೊಂಡಿದ್ದಳು. ಅಲ್ಲ. ನನಗೆ ಖಾತ್ರಿಯಾದದ್ದು ಅದಕ್ಕಿಂತ ಎಷ್ಟೋ ಮೊದಲು, ನಳಿಗೆಯಲ್ಲಿ ಗರಣೆ ಕಟ್ಟಿದ ಒಂದು ಬೆಳಗ್ಗೆ.

ಮುರಗೋಡಕ್ಕೆ ಹೋಗಿ ಬಂದ ಮರುವರ್ಷ, ಚಳಿಯ ದಿನ. ಹಿಂದಿನ ಎರಡು ದಿನವೂ ನಳಿಗೆಯಲ್ಲಿ ಬಿಳಿ ಕಂಡಿತ್ತು. ನಾನು ಮೂರನೆಯ ದಿನ ಕೊಟ್ಟಿಗೆಗೆ ಹೋಗುವುದಕ್ಕೇ ಹೆದರಿ, ರೊಟ್ಟಿ ಬಡಿಯುವ ನೆವ ಮಾಡಿಕೊಂಡು ಒಲೆಯ ಮುಂದೆ ಕುಳಿತಿದ್ದೆ. ಇವತ್ತು ತಿಳಿಯಾಗಿ ಬಂದರೂ ನಂಬಲಾರೆ, ಒಡೆದು ಬಂದರೆ ತಾಳಲಾರೆ ಎಂಬಂತಿತ್ತು ನನ್ನ ಪರಿಸ್ಥಿತಿ. ಕೊಟ್ಟಿಗೆಯಲ್ಲಿ ಮಗನ ದನಿ ಕೇಳಿಸಿತು, "ನಂದೂ ಬೇಕೇನ ಅಕ್ಕಾ?" ಅದಕ್ಕೆ ಇವಳು ಏನೆಂದಳೋ ಕೇಳಿಸಲಿಲ್ಲ.

ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದಳು. ತಾನೇ ದೀಪ ಹಚ್ಚಿ ತಾನೇ ಕಾಸಿದ್ದಳು. ಒಂದು ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಇನ್ನೊಂದು ಕೈಯಲ್ಲಿದ್ದ ನಳಿಗೆಯನ್ನು ಬೆಳಕಿಗೆ ಎತ್ತಿ ಹಿಡಿದು ತೋರಿಸಿದಳು. ಮೇಲ್ಭಾಗ ಬೆಳ್ಳಗೆ ಒಡೆದು ನಿಂತಿತ್ತು.

"ಮೂರನೇ ದಿನಾನೂ ಒಡೀತವಾ. ಬೆರಕಿ ಏನೂ ಇಲ್ಲ, ಬರೇ ನಂದ ಐತಿ. ಏಳು, ಬಸ್ಸ ಹೋಗ್ತೈತಿ."